ಮೊದಲ ಕಾದಂಬರಿ: ನೋಟ್‌ಬುಕ್ಕಿನಿಂದ ಪ್ರೆಸ್ಸಿನವರೆಗೆ

ಕೊನೆಗೂ ನನ್ನ ಮೊದಲ ಕಾದಂಬರಿ ಪ್ರೆಸ್ಸಿಗೆ ಹೋಗಿದೆ. ಶುರು ಮಾಡಿದ್ದು ಲಾಕ್‌ಡೌನ್ ಕಾಲದಲ್ಲಿ. ಈ ನಡುವೆ ಸಿಕ್ಕ ಸಲಹೆಗಳಲ್ಲಿ ಅರ್ಧ ಇಂಗ್ಲಿಷ್ ಪುಸ್ತಕಗಳವು, ಇನ್ನರ್ಧ ‘ಓದ್ತಾ ಇರಿ, ತಾನಾಗೇ ಬರುತ್ತೆ’ ಅನ್ನುವಂಥವು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಾ, ಸಾಗರದ ಕಡೆಯ ಒಂದು ಮುಳುಗಡೆ ಕುಟುಂಬದ ಕಥೆಯನ್ನು ಕನ್ನಡದಲ್ಲಿ ಬರೆಯಲು ಹೊರಟವಳು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನಾನು ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ಎಷ್ಟು ದುಡ್ಡು ಹೋಯಿತು, ಎಲ್ಲ ಇಲ್ಲಿ ಬರೆದಿಡುತ್ತೇನೆ.

ವಿಷಯ ಹುಡುಕುವ ಕಷ್ಟ ನನಗಿರಲಿಲ್ಲ. ಅಜ್ಜನ ಮನೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಕೆಳಗಿದೆ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿದಾಗ ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳ ಜನ ಸಾಮಾನು ಕಟ್ಟಿ ಲಾರಿ ಹತ್ತಿದರು. ನಮ್ಮವರು ಆನಂದಪುರದ ಕಡೆ ಬಂದು ಕೂತರು. ಇದನ್ನು ಕೇಳಿಯೇ ಬೆಳೆದವಳು ನಾನು. ಕಾದಂಬರಿ ಅಂದ ಕೂಡಲೇ ಚಿಕ್ಕಪ್ಪ ಕೇಳಿದ್ದು, ‘ಅದನ್ನ ನಾ. ಡಿಸೋಜ ಆಗಲೇ ಬರೆದಿದ್ದಾರಲ್ಲ, ನೀನು ಮತ್ತೆಂತ ಬರೀತೀಯ?’ ನ್ಯಾಯವಾದ ಪ್ರಶ್ನೆ. ಡಿಸೋಜರು ಆ ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಕಣ್ಣಾರೆ ಕಂಡು ಬರೆದವರು. ಅವರನ್ನು ಮತ್ತೆ ಓದಿದೆ. ಓದಿದ ಮೇಲೆ ನನ್ನ ಜಾಗ ಕಂಡಿತು. ನೀರು ಬಂದ ದಿನಕ್ಕಿಂತ ಆಮೇಲಿನ ಅರವತ್ತು ವರ್ಷ ನನಗೆ ಮುಖ್ಯ. ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಕಚೇರಿ ಮೆಟ್ಟಿಲು ಹತ್ತಿ ಇಳಿಯುವ ಕಥೆ ನನ್ನದು. ನಿಮ್ಮ ವಿಷಯದ ಮೇಲೆ ದೊಡ್ಡವರು ಬರೆದಿದ್ದರೆ ಓದದೆ ತಪ್ಪಿಸಿಕೊಳ್ಳಬೇಡಿ. ಓದಿ, ಅವರು ಎಲ್ಲಿ ನಿಲ್ಲಿಸಿದ್ದಾರೆ ನೋಡಿ.

ಶುರುವಿನಲ್ಲಿ ಕಾದಂಬರಿ ಬರೆಯುವುದನ್ನು ಕಲಿಸುವ ಒಂದು ಆನ್‌ಲೈನ್ ಕಮ್ಮಟಕ್ಕೆ ಸೇರಿದೆ. ಶುಲ್ಕ 3,500 ರೂಪಾಯಿ, ಎರಡು ವಾರಾಂತ್ಯ. ಹೇಳಿಕೊಟ್ಟದ್ದು ಮೂರು ಅಂಕ, ನಾಯಕ, ಅವನ ಗುರಿ, ನಡುವಿನ ತಿರುವು, ಕೊನೆಯ ಹೊಡೆದಾಟ. ಉದಾಹರಣೆಗೆ ಬಂದವೆಲ್ಲ ಇಂಗ್ಲಿಷ್ ಸಿನಿಮಾಗಳು. ನಾನೂ ಶ್ರದ್ಧೆಯಿಂದ ಮೂವತ್ತು ಅಧ್ಯಾಯಗಳ ನಕ್ಷೆ ಮಾಡಿ ಗೋಡೆಗೆ ಅಂಟಿಸಿದೆ. ನನ್ನ ಕಥೆಯಲ್ಲಿ ಹೊಡೆದಾಟಕ್ಕೆ ಎದುರಾಳಿಯೇ ಇರಲಿಲ್ಲ, ಇದ್ದದ್ದು ಒಂದು ಫೈಲು. ಆ ಕಮ್ಮಟದಿಂದ ಉಳಿದದ್ದು ಒಂದೇ ಪ್ರಶ್ನೆ: ಈ ದೃಶ್ಯ ಮುಗಿಯುವಾಗ ಯಾರಿಗೆ ಏನು ಬದಲಾಯಿತು? ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿ. ಆದರೆ ಇದೇ ಪಾಠವನ್ನು ನಾನು ನಿಜವಾಗಿ ಕಲಿತದ್ದು ನೀನಾಸಮ್ ತಿರುಗಾಟದ ನಾಟಕ ನೋಡುವಾಗ. ರಂಗದ ಮೇಲೆ ಬಂದವನಿಗೆ ಏನೋ ಬೇಕಾಗಿರುತ್ತದೆ, ಸುಮ್ನೆ ಬಂದು ನಿಲ್ಲುವುದಿಲ್ಲ. ನನ್ನ ಪಾತ್ರಗಳು ಪುಟಗಟ್ಟಲೆ ಸುಮ್ನೆ ಕಾಫಿ ಕುಡಿಯುತ್ತಿದ್ದವು.

ಗೋಡೆಯ ನಕ್ಷೆ ಐದನೇ ಅಧ್ಯಾಯ ದಾಟಲಿಲ್ಲ. ಅಜ್ಜನ ಪಾತ್ರ, ಹೆಸರು ಮಂಜಪ್ಪ, ನಾನು ಹೇಳಿದ ಕಡೆ ಹೋಗಲು ಒಪ್ಪಲಿಲ್ಲ. ಹೋದರೂ ಸತ್ತ ಹೆಣದಂತೆ ಹೋಗುತ್ತಿದ್ದ. ಆಗ ನಕ್ಷೆ ಕಿತ್ತು ಎಕ್ಸೆಲ್ ಶೀಟ್ ಒಂದನ್ನು ಮಾಡಿದೆ. ಇಡೀ ಕೆಲಸದಲ್ಲಿ ನನ್ನನ್ನು ಕಾಪಾಡಿದ್ದು ಅದೇ. ನೀವು ಈ ಬರಹದಿಂದ ಒಂದನ್ನೇ ಎತ್ತಿಕೊಂಡು ಹೋಗುವುದಾದರೆ ಇದನ್ನು ಎತ್ತಿಕೊಳ್ಳಿ.

ಅಡ್ಡಸಾಲಿಗೆ ಒಂದೊಂದು ವರ್ಷ. ಒಂದು ಕಾಲಂನಲ್ಲಿ ಆ ವರ್ಷ ನಾಡಿನಲ್ಲಿ ಏನಾಯಿತು. ಇನ್ನೊಂದರಲ್ಲಿ ನಮ್ಮೂರ ಕಡೆ ಏನಾಯಿತು. ಉಳಿದ ಕಾಲಂಗಳಲ್ಲಿ ಪ್ರತಿ ಪಾತ್ರದ ವಯಸ್ಸು. ಅಷ್ಟೇ. 1948ರಲ್ಲಿ ಜೋಗದಲ್ಲಿ ವಿದ್ಯುತ್ ಶುರು, ಅದಕ್ಕೆ ನೀರು ಕೊಡಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ. 1957ರ ಏಪ್ರಿಲ್‌ನಿಂದ ನಯಾಪೈಸೆ. 1964ರಲ್ಲಿ ಲಿಂಗನಮಕ್ಕಿ, ಅದರ ನೀರಿನಲ್ಲಿ ಹಳೇ ಹಿರೇಭಾಸ್ಕರವೂ ಮುಳುಗಿತು. 1973ರ ನವೆಂಬರ್‌ವರೆಗೂ ರಾಜ್ಯದ ಹೆಸರು ಮೈಸೂರು. 1974ರಲ್ಲಿ ಭೂಸುಧಾರಣೆ ತಿದ್ದುಪಡಿ. ಇದನ್ನೆಲ್ಲ ತುಂಬಿದ ಸಂಜೆಯೇ ಮಂಜಪ್ಪನ ಕಾಲಂ ನಗಲು ಶುರು ಮಾಡಿತು. ಕಾಗೋಡಿನಲ್ಲಿ ಘೋಷಣೆ ಕೂಗುವ ಯುವಕ ಶೀಟಿನ ಪ್ರಕಾರ ಐದು ವರ್ಷದ ಹುಡುಗ! ಹುಟ್ಟಿದ ವರ್ಷ ಹಿಂದೆ ತಳ್ಳಬಹುದಿತ್ತು. ತಳ್ಳಲಿಲ್ಲ. ಅಪ್ಪನ ಹೆಗಲ ಮೇಲೆ ಕೂತು ಏನೂ ಅರ್ಥವಾಗದೆ ನೋಡುವ ಹುಡುಗನನ್ನಾಗಿಯೇ ಉಳಿಸಿಕೊಂಡೆ. ಇಡೀ ಪುಸ್ತಕದಲ್ಲಿ ಓದಿದವರೆಲ್ಲ ಇಷ್ಟಪಟ್ಟ ದೃಶ್ಯ ಅದೇ. ನನ್ನ ಗೋಡೆಯ ನಕ್ಷೆಯಲ್ಲಿ ಅದು ಇರಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಹಿಡಿದುಕೊಂಡ ದಾರಿ ಇದು. ಕಾಲ, ಜಾಗ, ವಯಸ್ಸು, ದುಡ್ಡು, ದೂರ, ಇವನ್ನು ಬರೆಯುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಯಾರು ಏನು ತೀರ್ಮಾನ ಮಾಡುತ್ತಾರೆ ಅನ್ನುವುದನ್ನು ಖಾಲಿ ಬಿಡಿ. ಕಮ್ಮಟದವರು ಇದಕ್ಕೆ ಉಲ್ಟಾ ಹೇಳಿದ್ದರು.

ಗಟ್ಟಿ ಮಾಡಿಕೊಳ್ಳೋದು ಅಂದರೆ ದಾಖಲೆ ಹುಡುಕೋದು. ಇಲ್ಲಿ ಬಹಳ ಸಮಯ ಹೋಯಿತು. ಮೊದಲು ಸುಲಭದ್ದು: 1961ರ ಜನಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿ. ಹಳ್ಳಿ ಹಳ್ಳಿಯ ಹೆಸರು, ಮನೆ, ಜನಸಂಖ್ಯೆ ಅದರಲ್ಲಿದೆ. ಮೂರು ವರ್ಷದ ನಂತರ ಇಲ್ಲವಾದ ಊರುಗಳು ಅಲ್ಲಿ ಅಂಕಿ ಸಮೇತ ಕೂತಿರುತ್ತವೆ. ಆ ಪಟ್ಟಿಯಲ್ಲಿ ನಮ್ಮೂರ ಹೆಸರು ಕಂಡ ದಿನ ಮುಂದೆ ಏನೂ ಬರೆಯಲಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಜಿಲ್ಲಾ ಗೆಝೆಟಿಯರ್ ಕೂಡ ಕೆಲಸಕ್ಕೆ ಬರುತ್ತದೆ, ಬೆಳೆ, ರಸ್ತೆ, ಸಂತೆ, ಆಸ್ಪತ್ರೆಗಳ ವಿವರ ಅದರಲ್ಲಿ ಸಿಗುತ್ತದೆ. ಹಳೇ ಕಡತಗಳಿಗೆ ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ. ಹೋಗುವಾಗ ಗುರುತಿನ ಚೀಟಿ, ಯಾವ ಕೆಲಸಕ್ಕೆ ಏನು ನೋಡಬೇಕು ಅಂತ ಸ್ಪಷ್ಟವಾಗಿ ಬರೆದ ಒಂದು ಅರ್ಜಿ ಇಟ್ಟುಕೊಂಡಿರಿ. ‘ಮುಳುಗಡೆ ಬಗ್ಗೆ ಏನಿದ್ರೂ ಕೊಡಿ’ ಅಂದರೆ ಯಾರಿಗೂ ಸಹಾಯ ಮಾಡಲು ಬರುವುದಿಲ್ಲ. ಇಲಾಖೆ, ವರ್ಷ, ತಾಲ್ಲೂಕು ಹೇಳಿ.

ಪರಿಹಾರ ಕೊಟ್ಟ ಪಟ್ಟಿಗಾಗಿ ಇನ್ನೊಂದು ಕಚೇರಿಗೆ ಹೋದೆ, ಅದರ ಹೆಸರು ಬೇಡ. ‘ಫೈಲ್ ಹುಡುಕ್ತಿದೀವಿ ಮೇಡಂ, ಮುಂದಿನ ವಾರ ಬನ್ನಿ.’ ಮುಂದಿನ ವಾರವೂ ಅದೇ. ಊರಿಗೆ ಹೋದಾಗಲೆಲ್ಲ ಅದೇ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರುವಂತಿಲ್ಲ. ಕಾದಂಬರಿ ಬರೆಯುವವರಿಗೆ ಒಳ್ಳೇ ಶಿಕ್ಷೆ! ಬಂದ ಉತ್ತರ, ‘ಕಡತ ಲಭ್ಯವಿರುವುದಿಲ್ಲ’. ಸಿಟ್ಟು ಬಂತು. ಎರಡು ದಿನ ಬಿಟ್ಟು ಯೋಚಿಸಿದರೆ, ನನ್ನ ಪಾತ್ರಗಳು ಅರವತ್ತು ವರ್ಷದಿಂದ ಕೇಳುತ್ತಿರುವ ಮಾತೇ ನನಗೂ ಬಂದಿದೆ, ಅಲ್ವಾ? ಆ ಪತ್ರದ ಧಾಟಿಯನ್ನು ಹಾಗೇ ಎತ್ತಿ ಹದಿನಾಲ್ಕನೇ ಅಧ್ಯಾಯಕ್ಕೆ ಹಾಕಿಕೊಂಡೆ.

ಹಿರಿಯರನ್ನು ಮಾತಾಡಿಸುವುದಕ್ಕೆ ಬೇರೆಯೇ ಕಲೆ ಬೇಕು. ‘ಮುಳುಗಡೆ ಸಮಯದಲ್ಲಿ ನಿಮಗೆ ಹೇಗನ್ನಿಸಿತು?’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ದೂರದ ಸಂಬಂಧದ ಅಜ್ಜಿಯೊಬ್ಬರು, ‘ಅದೆಲ್ಲಾ ಎಂತಕ್ಕೆ ಕೂಸೇ ಈಗ’ ಅಂತ ಎದ್ದು ಒಳಗೆ ಹೋಗಿಬಿಟ್ಟರು. ಮುಂದಿನ ಸಲ ರೆಕಾರ್ಡರ್ ಹೊರಗೆ ತೆಗೆಯಲಿಲ್ಲ. ‘ಲಾರಿಗೆ ಏನೇನು ಹೇರಿಕೊಂಡು ಬಂದ್ರಿ?’ ಅಂತಷ್ಟೇ ಕೇಳಿದೆ. ಕಡಗೋಲು, ಒರಳು, ಬಾಗಿಲಿನ ಚೌಕಟ್ಟು, ಮಾಡಿನ ಹೆಂಚು. ಹೆಂಚು ಲೆಕ್ಕ ಮಾಡಿ ತಂದಿದ್ದರಂತೆ. ಕೊಟ್ಟಿಗೆಯ ಎಮ್ಮೆಯೊಂದು ಹಗ್ಗ ಹರಿದುಕೊಂಡು ಹಳೇ ಊರಿಗೇ ವಾಪಸ್ ಹೋದದ್ದು ಆಮೇಲೆ ತಾನಾಗಿ ಬಂತು. ವಸ್ತುಗಳ ಬಗ್ಗೆ ಕೇಳಿ, ಮನಸ್ಸಿನ ಮಾತು ಅದರ ಹಿಂದೆ ಬರುತ್ತದೆ. ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಕೇಳಿಯೇ ಮಾಡಿ, ಕಥೆಯಲ್ಲಿ ಹೆಸರು, ಊರು ಬದಲಾಯಿಸುತ್ತೇನೆ ಅಂತಲೂ ಮೊದಲೇ ಹೇಳಿ.

ಇನ್ನೊಂದು ವಿಷಯ. ಹಳಬರು ತಾರೀಕು ಹೇಳುವುದಿಲ್ಲ, ಮಳೆ ಹೇಳುತ್ತಾರೆ. ‘ಆರಿದ್ರೆ ಹಿಡಿದಿತ್ತು’, ‘ಪುಷ್ಯ ಮಳೆ ಜೋರಿತ್ತು’. ಆರಿದ್ರೆ ಅಂದರೆ ಜೂನ್ ಕೊನೆಯ ಹತ್ತು ದಿನ ಮತ್ತು ಜುಲೈ ಮೊದಲ ಕೆಲವು ದಿನ, ಆಮೇಲೆ ಪುನರ್ವಸು, ಪುಷ್ಯ ಮಳೆ ಬರುವುದು ಜುಲೈ ಕೊನೆಗೆ. ಮಳೆ ನಕ್ಷತ್ರಗಳ ಒಂದು ಕಾಲಂ ಶೀಟಿಗೆ ಸೇರಿಸಿದೆ. ಅದರ ಪಕ್ಕ ಹುಣ್ಣಿಮೆ, ಅಮಾವಾಸ್ಯೆ. ಹಳೇ ವರ್ಷಗಳ ಪಂಚಾಂಗ ಅಂತರ್ಜಾಲದಲ್ಲಿ ಸಿಗುತ್ತದೆ. ಪುಷ್ಯ ಮಳೆಯ ರಾತ್ರಿ ಮಲೆನಾಡಿನಲ್ಲಿ ಬೆಳದಿಂಗಳು ಬರೆದರೆ ಆ ಕಡೆಯವರು ಪುಸ್ತಕ ಮುಚ್ಚಿಡುತ್ತಾರೆ, ಹುಣ್ಣಿಮೆಯೇ ಇದ್ದರೂ.

ಇಷ್ಟೆಲ್ಲ ಆದ ಮೇಲೆ ಒಂದು ಅಪಾಯ ಇದೆ. ಹುಡುಕಾಟ ಮಜಾ ಕೊಡುತ್ತದೆ, ಬರೆಯೋದು ಕೊಡುವುದಿಲ್ಲ. ಹಿರೇಭಾಸ್ಕರದ ಸೈಫನ್‌ಗಳ (ಹೆಚ್ಚಾದ ನೀರನ್ನು ತಾವಾಗಿ ಹೊರಹಾಕುವ ಕೊಳವೆಗಳು) ಬಗ್ಗೆ ನಾನು ಓದಿದ್ದೆಲ್ಲ ಸೇರಿಸಿದರೆ ಒಂದು ಪ್ರಬಂಧ ಆಗುತ್ತಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಅಣೆಕಟ್ಟು ಮೇಲೆ ಕಾಣುತ್ತದೆ, ಹೋಗಿ ನೋಡಿ ಬಂದೆ, ಫೋಟೊ ತೆಗೆದೆ, ಬಂದು ಹತ್ತು ಪುಟ ಬರೆದೆ. ಕಾದಂಬರಿಯಲ್ಲಿ ಉಳಿದದ್ದು ನಾಲ್ಕು ಸಾಲು. ನಾನು ಕೊನೆಗೆ ಮಾಡಿದ ಕಟ್ಟುಪಾಡು ಏನೆಂದರೆ, ಒಂದು ದೃಶ್ಯ ಬರೆಯಲು ಈಗಲೇ ಬೇಕಾದ್ದನ್ನು ಮಾತ್ರ ಹುಡುಕುವುದು. ಗೊತ್ತಿಲ್ಲದ್ದು ಬಂದರೆ ಅಲ್ಲೇ ಒಂದು ನಕ್ಷತ್ರ ಚಿಹ್ನೆ ಹಾಕಿ ಮುಂದೆ ಹೋಗುವುದು. ಕರಡು ಮುಗಿದ ಮೇಲೆ ನಕ್ಷತ್ರಗಳನ್ನು ಒಂದೊಂದಾಗಿ ತೆಗೆಯುವುದು.

ಬರೆದದ್ದೆಲ್ಲ ಹೆಚ್ಚಾಗಿ ಫೋನಿನಲ್ಲಿ, ಮೆಟ್ರೊದಲ್ಲಿ. ಗೂಗಲ್ ಡಾಕ್ಸ್, ಜಿಬೋರ್ಡ್. ಧ್ವನಿ ಟೈಪಿಂಗ್ ಸಂಭಾಷಣೆಗೆ ಪರವಾಗಿಲ್ಲ, ಆದರೆ ನಮ್ಮ ಕಡೆಯ ಆಡುಮಾತನ್ನು ಅದು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತದೆ. ಪದಗಳ ಲೆಕ್ಕದ ಬಗ್ಗೆ ಒಂದು ಮಾತು. ಇಂಗ್ಲಿಷ್ ಸಲಹೆಗಳಲ್ಲಿ ಕಾದಂಬರಿಗೆ 80,000 ಪದ ಬೇಕು ಅಂತ ಬರುತ್ತದೆ. ಅದನ್ನು ಓದಿ ನಾನು ಕಂಗಾಲಾಗಿದ್ದೆ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ, ಹಾಗಾಗಿ ಅದೇ ವಿಷಯಕ್ಕೆ ಪದಗಳು ಕಡಿಮೆ ಸಾಕು. ನನ್ನದು 55,000 ಪದದ ಹತ್ತಿರ, ಕನ್ನಡ ಕಾದಂಬರಿಗಳ ಮಾಮೂಲಿ ಅಳತೆಯಾದ ಡೆಮಿ 1/8 ಆಕಾರದಲ್ಲಿ 240 ಪುಟದ ಆಸುಪಾಸು ಬಂತು.

ನಡುವೆ ಒಂದು ಕಾಲ ಬರುತ್ತದೆ. ಶುರುವಿನ ಉಮೇದು ಇಳಿದಿರುತ್ತದೆ, ಕೊನೆ ಕಾಣುತ್ತಿರುವುದಿಲ್ಲ. ಯಾರಾದರೂ ‘ಕಾದಂಬರಿ ಎಲ್ಲಿಗೆ ಬಂತು?’ ಅಂತ ಕೇಳಿದರೆ ಅತ್ತುಬಿಡೋಣ ಅನ್ನಿಸುತ್ತದೆ. ನಾನು ಮಳೆಗಾಲ ಪೂರ್ತಿ ಫೈಲ್ ತೆರೆಯಲಿಲ್ಲ. ವಾಪಸ್ ಕರೆತಂದದ್ದು ಶೀಟೇ. 1978ರ ಸಾಲಿನಲ್ಲಿ ಮಂಜಪ್ಪನ ಹೆಂಡತಿಯ ಕಾಲಂ ಖಾಲಿ ಇತ್ತು. ಅವಳು ಆ ವರ್ಷ ಏನು ಮಾಡುತ್ತಿದ್ದಳು? ನನಗೇ ಗೊತ್ತಿರಲಿಲ್ಲ. ಅದನ್ನು ಬರೆಯಲು ಕೂತೆ, ನಿಂತಿದ್ದು ಹರಿಯಿತು. ಇಡೀ ಎರಡನೇ ಭಾಗ ಅವಳ ಕಣ್ಣಿನಿಂದ ನಡೆಯುವುದು ಹಾಗೆ ಬಂದದ್ದು.

ಸಂಭಾಷಣೆಗೆ ಬಂದರೆ, ಮೊದಲ ಕರಡಿನಲ್ಲಿ ಎಲ್ಲರೂ ಆಕಾಶವಾಣಿ ವಾರ್ತೆಯ ಕನ್ನಡ ಮಾತಾಡುತ್ತಿದ್ದರು. ಎರಡನೆಯದರಲ್ಲಿ ಪೂರ್ತಿ ಆಡುಮಾತು ಹಾಕಿದೆ, ‘ಎಂಗೆ ಗೊತ್ತಿಲ್ಲೆ’ ಅನ್ನುವ ಮಟ್ಟಿಗೆ. ಹಸ್ತಪ್ರತಿ ಓದಿದ ಗೆಳತಿ ಕಲಬುರಗಿಯವಳು. ‘ನಿಮ್ಮವರು ಜಗಳ ಆಡ್ತಿದಾರೋ ಊಟಕ್ಕೆ ಕರೀತಿದಾರೋ ತಿಳೀವಲ್ದು’ ಅಂದಳು. ಕೊನೆಗೆ ನಿರೂಪಣೆ ಶಿಷ್ಟದಲ್ಲಿ, ಮಾತು ಆಡುಮಾತಿನಲ್ಲಿ, ಕಚೇರಿಗೆ ಹೋದಾಗ ಅದೇ ಪಾತ್ರಗಳು ತಡವರಿಸುತ್ತಾ ಶಿಷ್ಟಕ್ಕೆ ಹೊರಳುತ್ತವೆ. ಓದಲು ಕೊಡುವವರನ್ನು ಹೀಗೇ ಆರಿಸಿ: ಒಬ್ಬರು ಊರಿನವರು, ಒಬ್ಬರು ದೂರದವರು. ಮನೆಯವರಿಗೆ ಕೊಡಬೇಡಿ. ಅವರು ಕಥೆ ಓದುವುದಿಲ್ಲ, ತಮ್ಮನ್ನು ಹುಡುಕುತ್ತಾರೆ.

ಇನ್ನೇನು ಮುಗಿಯಿತು ಅನ್ನುವಾಗ ಸೇತುವೆ ಬಂತು. ನನ್ನ ಕೊನೆಯ ಅಧ್ಯಾಯ ನಡೆಯುವುದೇ ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಮೇಲೆ, ಮೊಮ್ಮಗಳು ಆಚೆ ದಡದ ತುಮರಿಗೆ ಹೋಗುತ್ತಿರುತ್ತಾಳೆ. 2025ರ ಜುಲೈನಲ್ಲಿ ಅದೇ ಜಾಗದಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಸುಮಾರು ಎರಡೂವರೆ ಕಿಲೋಮೀಟರ್, ಕಾರಿನಲ್ಲಿ ನಾಲ್ಕೈದು ನಿಮಿಷದ ದಾರಿ. ಆ ಕಡೆಯ ಜನ ದಶಕಗಳಿಂದ ಕಾದದ್ದು, ಖುಷಿಪಡಬೇಕಾದ ಸುದ್ದಿ. ನಾನೂ ಪಟ್ಟೆ, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಅಧ್ಯಾಯ ಬದಲಿಸಲೇ? ಶೀಟ್ ನೋಡಿ ಮೊಮ್ಮಗಳ ಪಯಣವನ್ನು 2023ಕ್ಕೆ ಕಟ್ಟಿಹಾಕಿದೆ. ಅರ್ಧ ಎದ್ದ ಕಂಬಗಳು ನೀರಿನಲ್ಲಿ ನಿಂತಿರುತ್ತವೆ, ಲಾಂಚ್ ಅವುಗಳ ಪಕ್ಕ ಸಾಗುತ್ತದೆ. ಈಗಿನ ಕಾಲದ ಕಥೆ ಬರೆಯುವವರು ಕೊನೆಯ ದೃಶ್ಯಕ್ಕೆ ಇಸವಿ ಹಾಕಿಕೊಳ್ಳಿ, ಊರು ನಿಮಗಾಗಿ ಕಾಯುವುದಿಲ್ಲ.

ಪ್ರಕಾಶಕರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಸ್ತಪ್ರತಿ ಕಳಿಸಿದರೆ ತಿಂಗಳುಗಟ್ಟಲೆ ಸದ್ದಿರುವುದಿಲ್ಲ. ಒಬ್ಬರು ಚೆನ್ನಾಗಿದೆ ಅಂದು ಕೂಡಲೇ 60,000 ರೂಪಾಯಿ ಕೇಳಿದರು, ಬೇಡ ಅಂದೆ. ಕೊನೆಗೆ ಒಪ್ಪಿದವರು ಚಿಕ್ಕ ಪ್ರಕಾಶಕರು. ಮುಖಬೆಲೆಯ ಹತ್ತು ಪರ್ಸೆಂಟ್ ಗೌರವಧನ, ಮೊದಲ ಮುದ್ರಣ 500 ಪ್ರತಿ. ಒಪ್ಪಂದ ಕಾಗದದ ಮೇಲೆ ಇರಲಿ. ಎಷ್ಟು ಪ್ರತಿ, ಎಷ್ಟು ವರ್ಷ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕು ಯಾರದ್ದು, ಪ್ರತಿಗಳು ಮುಗಿದ ಮೇಲೆ ಮರುಮುದ್ರಣ ಮಾಡದಿದ್ದರೆ ಏನು, ಇಷ್ಟು ನೋಡಿ. ಹಕ್ಕುಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣಕ್ಕೇ ಹಕ್ಕು ನಿಮ್ಮದು, ಬೇಕಿದ್ದರೆ 500 ರೂಪಾಯಿ ಕಟ್ಟಿ ನೋಂದಾಯಿಸಬಹುದು. ಸ್ವಂತವಾಗಿ ಪ್ರಕಟಿಸುವವರು ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಡಿ, ಕೇಂದ್ರ ಸರ್ಕಾರದ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ವಯಸ್ಸಿನ ಮಿತಿ ಇರುವುದರಿಂದ ನನಗೆ ಸಿಗಲಿಲ್ಲ.

ಯಾರೂ ಎಚ್ಚರಿಸದೆ ಇದ್ದದ್ದು ಮುನ್ನುಡಿ. ಹಿರಿಯರೊಬ್ಬರು ಪ್ರೀತಿಯಿಂದ ಒಪ್ಪಿಕೊಂಡರು. ಪುಸ್ತಕ ಪೂರ್ತಿ ಸಿದ್ಧವಾಗಿ ಅದೊಂದಕ್ಕೆ ನಿಂತಿತು. ನೆನಪಿಸಿದರೆ ಒತ್ತಾಯವಾಗುತ್ತದೆ, ಬಿಟ್ಟರೆ ಬರುವುದಿಲ್ಲ. ‘ಬರೀತಾ ಇದೀನಿ ಕಣಮ್ಮ’ ಅನ್ನುತ್ತಿದ್ದರು. ಯುಗಾದಿ ಹೋಗಿ ಗಣೇಶನ ಹಬ್ಬ ಬಂತು. ಬಂದಾಗ ಚೆನ್ನಾಗಿಯೇ ಇತ್ತು, ಆದರೂ ಹೇಳುತ್ತೇನೆ, ಮೊದಲ ಕಾದಂಬರಿಗೆ ಮುನ್ನುಡಿ ಬೇಡ. ಬೆನ್ನುಡಿ ಸಾಕು.

ಕೊನೆಯ ಗಂಡಾಂತರ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವಾಗ. ನಾವು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಅಕ್ಷರ ಯುನಿಕೋಡ್. ಎಷ್ಟೋ ಪ್ರೆಸ್‌ಗಳಲ್ಲಿ ಪುಟ ಕಟ್ಟುವುದು ಇನ್ನೂ ‘ನುಡಿ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ, ಅದು ಯುನಿಕೋಡ್‌ಗೆ ಹೊಂದುವುದಿಲ್ಲ. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ, ನಡುವೆ ಇಂಗ್ಲಿಷ್ ಅಕ್ಷರವಿದ್ದರೆ ಅದು ಅರ್ಥವಿಲ್ಲದ ಕನ್ನಡ ಆಗುತ್ತದೆ. ನನ್ನಲ್ಲಿ ನಕ್ಷತ್ರ ಚಿಹ್ನೆ ಒಂದೆರಡು ಉಳಿದಿದ್ದವು, ಅವೂ ಏನೇನೋ ಆಗಿದ್ದವು. ಹಾಗಾಗಿ ವರ್ಡ್‌ನಲ್ಲಿ ಎಷ್ಟು ಸಲ ಕರಡು ತಿದ್ದಿದ್ದರೂ ಲೆಕ್ಕಕ್ಕಿಲ್ಲ. ಪುಟ ಕಟ್ಟಿದ ಮೇಲಿನ ಪಿಡಿಎಫ್ ಅನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಜೋರಾಗಿ ಓದುತ್ತಾ ತಿದ್ದಿ. ನನಗೆ ಝೆರಾಕ್ಸ್ ಅಂಗಡಿಯಲ್ಲಿ ಒಂದು ಸಲಕ್ಕೆ 300 ರೂಪಾಯಿ ಚಿಲ್ಲರೆ ಆಯಿತು. ತಿದ್ದಿದ್ದನ್ನು ಫೋನಿನಲ್ಲಿ ಹೇಳಬೇಡಿ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಫೋಟೊ ತೆಗೆದು ಕಳಿಸಿ. ಹೊಸ ಪ್ರೂಫ್ ಬಂದಾಗ ತಿದ್ದಿದ ಜಾಗದ ಜೊತೆ ಅದರ ಅಕ್ಕಪಕ್ಕದ ಸಾಲುಗಳನ್ನೂ ನೋಡಿ, ಒಂದು ತಪ್ಪು ಸರಿ ಮಾಡುವಾಗ ಪಕ್ಕದ ಪದ ಕೆಡುವುದು ಜಾಸ್ತಿ.